ಕೂಲಿಗೆ ಬಂದ ಎರೆಹುಳಗಳು

"ಎಷ್ಟೊತ್ತೇ ಮುಂಡೆ? ಎರೆಹುಳ ಆರ್ಸೋಕೂ ನಿಂಗೆ ಮುಹೂರ್ತ ನೋಡ್ಬೇಕಾ?"

ಮೇಸ್ತ್ರಿ ಬದುವಿನ ಮೇಲಿಂದಲೇ ಕೂಗಿದ. ಬಚ್ಚಲ ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಕುಳ್ಳಿ ತಲೆ ಎತ್ತಲಿಲ್ಲ. ತಗ್ಗಿಸಿದ ತಲೆಗೆ ಬೈಗುಳ ತಾಗುವುದು ಕಡಿಮೆ. ಕೊಳೆತ ಮಣ್ಣು ಕೆದಕಿ ಹುಳ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದಳು.

ದಣಿಯ ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಕಂಪನಿಯ ನ್ಯಾನೋ ಗೊಬ್ಬರ ಸುರಿಯತೊಡಗಿದ ಮೇಲೆ ಪೈರಿಗೇನೂ ಕೊರತೆಯಿಲ್ಲ. ಮಣ್ಣಲ್ಲಿ ಮಾತ್ರ ಹುಳವಿಲ್ಲ, ಹುಳ ಹುಡುಕಿ ಬರುತ್ತಿದ್ದ ಹಕ್ಕಿಯೂ ಇಲ್ಲ. ಇವತ್ತು ಕಂಪನಿಯವರು ಅಧಿಕಾರಿಗಳನ್ನು ಕರೆತರುತ್ತಾರೆ. ಮಣ್ಣಿನ ಜೀವಕ್ಕೆ ಏನೂ ಆಗಿಲ್ಲವೆಂದು ಬಾವುಟ ನೆಟ್ಟ ಜಾಗದಲ್ಲಿ ಗುಂಡಿ ತೋಡಿಸಿ ತೋರಿಸಬೇಕು. ಅದಕ್ಕೇ ಈ ಮೋರಿಯ ಹುಳ.

"ದಣಿ ಹೊಲಕ್ಕೆ ಹುಳಾನೂ ಕೂಲಿಗೆ ಕರೀತಾರಾ ಮೇಸ್ತ್ರಿ?"

"ಬಾಯ್ಮುಚ್ಕೊಂಡು ಬಾವುಟ ನೆಟ್ಟಿರೋ ಕಡೆ ಹೂತಾಕು. ಒಂದ್ಮಾತು ಹೊರಗೆ ಬಂದ್ರೆ ನಿಮ್ಮತ್ತೆ ಮಂಚ ಬೀದೀಲಿರುತ್ತೆ."

ಕುಳ್ಳಿಗಿದ್ದದ್ದು ಇಷ್ಟೇ: ಹಾಸಿಗೆ ಹಿಡಿದ ಅತ್ತೆ, ದಣಿಯ ಕೊಟ್ಟಿಗೆಗೆ ಅಂಟಿಕೊಂಡ ಒಂದೇ ಕೋಣೆ. ಅದು ಬಿಟ್ಟರೆ ತಲೆಯ ಮೇಲೆ ಆಕಾಶ. ಹೂತಳು.

ಹುಳಗಳಿಗೇನು ದಣಿಯ ಹಂಗೇ? ಕಾರುಗಳು ಬರುವ ಮೊದಲೇ ಒಂದೊಂದಾಗಿ ಮೇಲೆದ್ದು ಬದುವಿನ ಕಡೆ ತೆವಳತೊಡಗಿದವು.

"ತುಳಿಯೇ, ಒಳಗೆ ತುಳಿ. ಅವ್ರು ಹೋಗೋವರೆಗೂ ಬಿದ್ದಿರ್ಲಿ."

ಕುಳ್ಳಿ ಮಣ್ಣೆಳೆದು ಬರಿಗಾಲಲ್ಲಿ ಒತ್ತಿ ನಿಂತಳು. ಅಂಗಾಲಿನ ಕೆಳಗೆ ಅವು ಮಿಸುಕುವುದು ಗೊತ್ತಾಗುತ್ತಿತ್ತು. ಹೊರಗೆ ಬಿಡದೆ ತುಳಿದಿದ್ದ ಕಾಲು ತನ್ನದೇ.

ಕಾರುಗಳು ಬಂದವು. "ಅಗಿಯಮ್ಮಾ," ಎಂದ ದಣಿ. ಅವನ ಬಾಯಲ್ಲಿ ಅವಳು ಅಮ್ಮ ಆಗಿದ್ದು ಇವತ್ತೇ.

ಕುಳ್ಳಿ ಗುದ್ದಲಿ ಹಿಡಿದು ಬಾವುಟ ದಾಟಿದಳು. ಜೋಳದ ನಡುವೆ ಹೋಗಿ ಗುದ್ದಲಿ ಹಾಕಿದಳು.

"ಅಲ್ಲಲ್ವೇ, ಇಲ್ಲಿ," ಮೇಸ್ತ್ರಿ ಹಲ್ಲು ಕಡಿದ.

"ಎಲ್ಲಾ ದಣಿ ಹೊಲಾನೇ ಅಲ್ವಾ? ಎಲ್ಲಿ ಅಗೆದ್ರೂ ಹುಳ ಇರ್ಬೇಕು."

ಒಲೆಯ ಬೂದಿಯಂಥ ಮಣ್ಣು ಎದ್ದು ಬಂತು. ಏನೂ ಇಲ್ಲ. ಪಕ್ಕದಲ್ಲಿ ಅಗೆದಳು. ಅಲ್ಲೂ ಇಲ್ಲ. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ದಣಿ ಕಣ್ಸನ್ನೆ ಮಾಡಿದ; ಮೇಸ್ತ್ರಿ ಕೊಟ್ಟಿಗೆಯ ಕಡೆ ದಾಪುಗಾಲು ಹಾಕಿದ.

"ಸಾಕು ಬಿಡಮ್ಮ," ಎಂದರು ಅಧಿಕಾರಿಯೊಬ್ಬರು.

ಕೊಟ್ಟಿಗೆಯ ಕಡೆಯಿಂದ ನೆಲದ ಮೇಲೆ ಮಂಚ ಎಳೆಯುವ ಸದ್ದು ಬಂತು. ಅದರ ಹಿಂದೆಯೇ ಅತ್ತೆಯ ಕೂಗು. ಕುಳ್ಳಿಯ ಕೈ ಒಂದು ಗಳಿಗೆ ನಿಂತಿತು.

"ಇರಿ ಸ್ವಾಮಿ, ಒಂದಾದ್ರೂ ಸಿಗ್ಲಿ," ಎಂದು ಮತ್ತೆ ಗುದ್ದಲಿ ಎತ್ತಿದಳು.