ಸೋಲಾರಿಗೆ ಹಚ್ಚಿದ ಭಂಡಾರ

ರವಿವಾರ ಬೆಳಿಗ್ಗೆ ಔರಾದದ ಹಣಮಂತಪ್ಪ ಬೀದರಿನ ಗ್ಲೂಕೋಸ್ ಕಾರ್ಖಾನೆಯ ಛಾವಣಿ ಹತ್ತಿ, ಹೊಸ ಸೋಲಾರ್ ಪ್ಯಾನಲ್‌ಗಳಿಗೆಲ್ಲ ಒಂದನ್ನೂ ಬಿಡದೆ ಮೈಲಾರ ಮಲ್ಲಣ್ಣನ ಭಂಡಾರ ಬಳಿದ. ಒದ್ದೆ ಕೈಗೆ ಆ ಅರಿಶಿನದ ಪುಡಿ ಧಾರಾಳವಾಗಿಯೇ ಅಂಟಿತ್ತು. ಇಪ್ಪತ್ತೆರಡು ವರ್ಷ ತಾನು ನಡೆಸಿದ ಬಾಯ್ಲರಿಗೂ ವಾರವಾರ ಹಚ್ಚಿದ್ದ. ಅದೇನು ತಕರಾರು ಮಾಡಿತ್ತೇ?

ಮುಂದಿನ ತಿಂಗಳು ಬಾಯ್ಲರ್ ನಿಲ್ಲುವುದಿತ್ತು. ಇನ್ನು ಬಿಸಿಲಿನ ಕರೆಂಟಿನಿಂದಲೇ ಉಗಿ. ಅದಕ್ಕಾಗಿ ಆಪರೇಟರುಗಳಿಗೆ ತರಬೇತಿ ನಡೆದಿತ್ತು. ಬಾಯ್ಲರಿನ ಬೂದಿ ಹೊರುವ ಭಾಲ್ಕಿಯ ಪುತಳಾಬಾಯಿಯ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. ಬೂದಿಯೇ ಇಲ್ಲವೆಂದ ಮೇಲೆ ಹೊರುವವಳೇಕೆ? ಹದಿನಾಲ್ಕು ವರ್ಷದ ಕೆಲಸ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಆದರೂ ಆಕೆ ದಿನಾ ಬುಟ್ಟಿ ಇಳಿಸಿ, ತರಗತಿಯ ಕಿಟಕಿಗೆ ಆತು ನಿಂತು ಪಾಠ ಕೇಳುತ್ತಿದ್ದಳು.

ಅವತ್ತು, ಪಾಠ ಹೇಳುವ ಗಾರ್ಗಿ ಮೇಡಂ ತರಗತಿಯ ಗೋಡೆಯ ಸೋಲಾರ್ ಮೀಟರ್ ನೋಡಿ ಗಾಬರಿಯಾದರು. "ಇಷ್ಟು ಬಿಸಿಲದ, ನಿನ್ನಿಗಿಂತ ಕರೆಂಟ್ ಅರ್ಧ ಆಗ್ಯಾದ. ಯಾಕ, ಯಾರರೆ ಹೇಳ್ರಿ?"

ಹಣಮಂತಪ್ಪ ಎದೆ ಸೆಟೆಸಿ ಎದ್ದ. "ವೈರ್ ಸಡಲಾಗಿರಬೇಕ್ರಿ. ಬಾಯ್ಲರ್ ಇದ್ರ ನಾ ಕಿವಿ ಇಟ್ಟೇ ಹೇಳ್ತಿದ್ದೆ. ಇದು ಬಾಯೇ ಬಿಡಲ್ಲ ನೋಡ್ರಿ!"

ಒಂದು ತಾಸು ಕೆಳಗಿನ ಪೆಟ್ಟಿಗೆಯ ವೈರು ಬಿಗಿದದ್ದೇ ಬಂತು. ಕೊನೆಗೆ ಕಿಟಕಿಯಿಂದ ದನಿ ಬಂತು. "ವೈರಿಂದಲ್ರಿ ಮೇಡಂ. ಹಣಮಂತಣ್ಣ ಮುಂಜಾನಿ ಎಲ್ಲಾಕೂ ಭಂಡಾರ ಬಡದಾನ್ರಿ."

ತರಗತಿ ಗೊಳ್ಳೆಂದಿತು. ಹಣಮಂತಪ್ಪ ಸಿಟ್ಟಾದ. "ದೇವರ ಭಂಡಾರದಿಂದ ಕೇಡಾಗ್ತದೇನ?"

"ದೇವರಿಗಿ ಹಚ್ಚಣ್ಣ, ಬ್ಯಾಡ ಅನ್ನೋರ್ಯಾರು? ಬಿಸಿಲು ಬೀಳೋ ಗಾಜಿನ ಮಾರಿಗೇ ಬಳದ್ರ ಹ್ಯಾಂಗ? ಚಿಮಣಿ ಬೂದಿ ಬಿದ್ದ ದಿನಾನೂ ಮೀಟರ್ ಹಿಂಗೇ ಇಳಿತದ. ನಾ ದಿನಾ ನೋಡ್ತೇನಿ."

ಪುತಳಾಬಾಯಿ ಒದ್ದೆ ಬಟ್ಟೆ ಹಿಡಿದು ಛಾವಣಿ ಹತ್ತಿದಳು. ಒರೆಸಿದಂತೆಲ್ಲ ಮೀಟರ್ ಏರಿತು.

"ಇವರ ಹೆಸರು ಪಟ್ಟಿಯೊಳಗ ಯಾಕಿಲ್ಲ?" ಎಂದರು ಗಾರ್ಗಿ.

"ಇಪ್ಪತ್ತೇ ಸೀಟ್ ಮಂಜೂರ್ ಆಗ್ಯಾವ್ರಿ, ಅವೂ ಆಪರೇಟರಿಗಿ," ಎಂದ ಸೂಪರ್‌ವೈಸರ್ ಗೋವಿಂದ. "ನನಗೂ ಕರುಳದ ಮೇಡಂ. ಮೇಲಿನವರಿಗಿ ಏನಂತ ಜವಾಬ ಕೊಡ್ಲಿ?"

ಹಣಮಂತಪ್ಪ ತಲೆ ತಗ್ಗಿಸಿದ. ತನ್ನ ಬೆಂಕಿಯ ಬೂದಿಯನ್ನು ಇಷ್ಟು ವರ್ಷ ಹೊತ್ತವಳು ಇನ್ನೆಲ್ಲಿಗೆ ಹೋಗುತ್ತಾಳೆಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಹಾಜರಿ ಪುಸ್ತಕ ಎಳೆದುಕೊಂಡು ತನ್ನ ಹೆಸರಿನ ಕೆಳಗೆ ಅವಳ ಹೆಸರು ಬರೆದ.

"ಸೀಟ್ ಇಲ್ಲಂದ್ರ ನಂದು ಹೊಡದು ಹಾಕ್ರಿ. ನಾ ಕಿಟಕ್ಯಾಗ ನಿಂತು ಕೇಳ್ತೇನಿ."

ಗೋವಿಂದ ಅವನ ಹೊಟ್ಟೆಯನ್ನೊಮ್ಮೆ ನೋಡಿದ. "ನೀ ಕಿಟಕ್ಯಾಗ ನಿಂತ್ರ ಒಳಗಿನವರಿಗಿ ಗಾಳಿ ಎಲ್ಲಿಂದ ಬರಬೇಕೋ ಮಾರಾಯಾ? ಇರ್ಲಿ, ಮೇಲಿನವರಿಗಿ ನಾ ಹೇಳ್ತೇನಿ," ಎಂದು ಸಹಿ ಹಾಕಿದ.

ಮರು ರವಿವಾರ ಭಂಡಾರ ಪ್ಯಾನಲ್‌ಗಳ ಕಬ್ಬಿಣದ ಕಾಲಿಗಷ್ಟೇ ಬಿತ್ತು. ತರಗತಿಯಲ್ಲಿ ಪರೀಕ್ಷೆ ನಡೆದಿತ್ತು. ಎರಡನೆಯ ಪ್ರಶ್ನೆಗೇ ಸಿಕ್ಕಿಬಿದ್ದ ಹಣಮಂತಪ್ಪ ಪಕ್ಕದಲ್ಲಿದ್ದ ಪುತಳಾಬಾಯಿಗೆ ಮೊಣಕೈ ತಿವಿದ. "ಜರಾ ಹೇಳವ್ವಾ, ಮೆಲ್ಲಕ."

"ಹದಿನಾಲ್ಕು ವರ್ಷ ನಿನ್ನ ಬೂದಿ ಹೊತ್ತೇನಿ ಅಣ್ಣಾ. ಪರೀಕ್ಷಾನೂ ನಾನೇ ಹೊರಲೇನು?" ಎಂದವಳೇ ತನ್ನ ಹಾಳೆಯನ್ನು ನಾಲ್ಕು ಬೆರಳಿನಷ್ಟು ಅವನತ್ತ ಸರಿಸಿದಳು.