ಹನ್ನೆರಡನೆಯ ಬಟ್ಟೆ

"ಮುಟ್ಟಿ ನೋಡಪ್ಪ, ಪರವಾಗಿಲ್ಲ," ಎಂದು ಇನ್‌ಸ್ಪೆಕ್ಟರು ಅಂಗಿಯನ್ನು ಮೇಜಿನ ಈಚೆಗೆ ತಳ್ಳಿದರು. "ನಿಮ್ಮ ಲಾಂಡ್ರಿ ಗುರುತೇ ತಾನೆ?"

ಎಡತೋಳು ಮೊಣಕೈವರೆಗೆ ಸುಟ್ಟಿತ್ತು. ಸೀಮೆಎಣ್ಣೆ ವಾಸನೆ ಇನ್ನೂ ಹೋಗಿರಲಿಲ್ಲ. ಮೂರು ದಿನದ ಹಿಂದೆ ಸುಟ್ಟುಹೋದ ಟೈಲರ್ ಅಂಗಡಿಯ ಹಿಂದಿನ ಚರಂಡಿಯಲ್ಲಿ ಸಿಕ್ಕಿತಂತೆ. ಬೆಂಕಿ ಹಚ್ಚಲು ಬಂದವನ ತೋಳಿಗೇ ಬೆಂಕಿ ತಗುಲಿ, ಬಿಚ್ಚಿ ಎಸೆದು ಓಡಿದ್ದಾನೆ. ಲಾಂಡ್ರಿಯವನು ಕಾಲರನ್ನು ಮಗುಚಿದ. ಒಳಗೆ ಕೆಂಪು ದಾರದ ನಾಲ್ಕು ಹೊಲಿಗೆ, ಕೊನೆಯಲ್ಲೊಂದು ಗಂಟು. ಅವನ ಬೆರಳು ಗಂಟಿನ ಮೇಲೆಯೇ ನಿಂತಿತು.

ಗುರುತು ಹಾಕುವುದು ಅವನ ಹೆಂಡತಿಯ ಕೆಲಸ. ಶಾಯಿಯಲ್ಲಿ ಬರೆದರೆ ಈ ಊರಿನವರು ಮೂಗು ಮುರಿಯುತ್ತಾರೆಂದು ತಮ್ಮ ಕಡೆಯ ರೂಢಿಯಂತೆ ದಾರದಲ್ಲೇ ಹಾಕುತ್ತಿದ್ದಳು. ಮನೆಗೊಂದು ಗುರುತು, ಪುಸ್ತಕವಿಲ್ಲ, ಎಲ್ಲ ಗಂಡಹೆಂಡಿರ ತಲೆಯಲ್ಲೇ. ಯಾರಾದರೂ ಗಿರಾಕಿ ಮನೆ ಬಿಟ್ಟು ಹೋಗುವಾಗ ಕೊನೆಯ ಸಲ ಕೊಡುವ ಬಟ್ಟೆಗಳಿಂದ ದಾರ ಬಿಚ್ಚಿಯೇ ಕೊಡಬೇಕು. ಅಲ್ಲಿಗೆ ಆ ಮನೆಯ ಋಣ ತೀರಿತು ಅಂತ. ನಾಲ್ಕು ಹೊಲಿಗೆ ಎದುರುಮನೆಯ ಟೀಚರಮ್ಮನದು. ಗಂಟು ಇದ್ದರೆ ಅವರ ಕಿರಿಮಗನದು.

"ಗುರುತು ನಮ್ಮದೇ ಸಾರ್. ಯಾರದು ಅಂತ... ಮನೇಲಿ ಕೇಳಿ ನಾಳೆ ಬೆಳಗ್ಗೆ ಬಂದು ಹೇಳ್ತೀನಿ."

"ಕೇಳು, ಕೇಳು." ಇನ್‌ಸ್ಪೆಕ್ಟರಿಗೆ ಅವಸರವೇನೂ ಇರಲಿಲ್ಲ. "ನೆನಪಾಗಲಿಲ್ಲ ಅಂದ್ರೂ ನಾನೇನೂ ಅಂದ್ಕೊಳಲ್ಲ. ಫೈಲು ಮುಚ್ಚಿದ್ರಾಯ್ತು. ನೀನೂ ಇಲ್ಲೇ ಬಾಳಬೇಕಾದೋನು, ನೋಡು."

ಸುಟ್ಟದ್ದು ಅವನ ಬಾಮೈದನ ಅಂಗಡಿ. ಹೊಲಿಗೆ ಯಂತ್ರ ಎಳೆದು ತರಲು ಒಳಗೆ ನುಗ್ಗಿದವನು ಈಗ ಎರಡೂ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಬೆರಳುಗಳು ಮೊದಲಿನಂತೆ ಮಡಚುವುದಿಲ್ಲ ಎಂದಿದ್ದರು ಡಾಕ್ಟರು. ಟೈಲರಿಗೆ ಬೆರಳು ಮಡಚದ ಮೇಲೆ ಇನ್ನೇನು ಉಳಿಯಿತು?

ಇತ್ತ ಟೀಚರಮ್ಮ. ಇಪ್ಪತ್ತೆರಡು ವರ್ಷದ ಹಿಂದೆ ಗಡಿ ದಾಟಿ ಬಂದ ಈ ಸಂಸಾರವನ್ನು ಬೀದಿಯಲ್ಲಿ ಯಾರೂ ಮಾತಾಡಿಸದಿದ್ದಾಗ ಬಾಗಿಲು ತೆಗೆದವರು. ಮಗಳಿಗೆ ಇಲ್ಲಿಯ ಅಕ್ಷರ ತಿದ್ದಿಸಿದವರು. ಹೊರಗಿನಿಂದ ಬಂದವರು ಇಲ್ಲಿರಬೇಕಾದರೆ ವರ್ಷವರ್ಷವೂ ಊರಿನವರೊಬ್ಬರು ಜಾಮೀನು ಕಾಗದಕ್ಕೆ ಸಹಿ ಹಾಕಬೇಕು. ಇಪ್ಪತ್ತೆರಡು ಸಹಿಯೂ ಅವರದೇ. ಆ ಸಹಿ ಇಲ್ಲವೆಂದರೆ ಗಂಟುಮೂಟೆ ಕಟ್ಟುವುದೇ. ಗೋಡೆಗಳ ಮೇಲೆ "ಬಂದವರು ತೊಲಗಿ" ಎಂದು ಬರೆದಿರುವ ಈ ದಿನಗಳಲ್ಲಿ ಬೇರೆ ಯಾರು ಹಾಕಿಯಾರು?

ಮಧ್ಯಾಹ್ನ ಬಟ್ಟೆ ಹೊತ್ತು ಟೀಚರಮ್ಮ ತಾವೇ ಬಂದರು. ಸ್ಕೂಟರಿನಲ್ಲಿ ತಂದುಕೊಡುತ್ತಿದ್ದ ಕಿರಿಮಗನನ್ನು ಬೀದಿ ಕಂಡು ಮೂರು ದಿನವಾಗಿತ್ತು. ಹಾಜರಿ ಕೂಗುವವರಂತೆ ಗಟ್ಟಿಯಾಗಿ ಎಣಿಸುವುದು ಅವರ ಅಭ್ಯಾಸ. "ಒಂಬತ್ತು, ಹತ್ತು, ಹನ್ನೊಂದು..." ಅಲ್ಲಿಗೆ ನಿಂತರು. ವಾರಕ್ಕೆ ಹನ್ನೆರಡು ಬಟ್ಟೆ ಆ ಮನೆಯ ಕಟ್ಟುನಿಟ್ಟು. ಆಮೇಲೆ ಅವರು ಕೈಚೀಲದಿಂದ ಒಂದು ಕಾಗದ ತೆಗೆದು ಬಟ್ಟೆಯ ಮೇಲಿಟ್ಟರು. ಮುಂದಿನ ವರ್ಷದ ಜಾಮೀನು. ಸಹಿ ಆಗಿತ್ತು.

"ಇದಕ್ಕಿನ್ನೂ ಮೂರು ತಿಂಗಳಿದೆಯಲ್ಲಮ್ಮ."

"ಇಟ್ಕೊಳಪ್ಪ. ನನಗೂ ವಯಸ್ಸಾಯ್ತು, ನಾಳೆ ಕೈ ನಡುಗಿದ್ರೆ?" ಕಾಗದದ ಮಡಿಕೆಯನ್ನು ಬೆರಳಿಂದ ಒತ್ತಿ ಸರಿಮಾಡಿದರು. "ಅವನು ಕೆಟ್ಟವನಲ್ಲ ಕಣಪ್ಪ. ಸಹವಾಸ ಸರಿಯಿಲ್ಲ, ಅಷ್ಟೆ."

ಅವರು ರಸ್ತೆ ದಾಟುವವರೆಗೆ ಅವನು ನೋಡುತ್ತ ನಿಂತ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ಬಂದದ್ದು ಸುಸ್ತು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಬಾಗಿಲಿಗೆ ಬಂದಳು. "ಅವರ ಉಪ್ಪು ತಿಂದಿದೀವಿ ರೀ, ಇಲ್ಲ ಅನ್ನಲ್ಲ. ನಿನ್ನೆ ನನ್ನ ತಮ್ಮ ನನ್ನ ಕೈಲಿ ನೀರು ಕುಡಿಸ್ಕೊಂಡ. ಕುಡಿದು ಏನು ಕೇಳಿದ ಗೊತ್ತಾ? 'ಟೀಚರಮ್ಮನ ಕೋಟು ಹೊಲಿದಿಟ್ಟಿದ್ದೆ, ಅದೂ ಸುಟ್ಟೋಯ್ತಾ ಅಕ್ಕ' ಅಂತ."

ಅವನು ಸ್ಟೂಲಿನ ಮೇಲೆ ಕುಳಿತ. "ಹೇಳಿದ್ರೆ ಮುಂದಿನ ವರ್ಷ ಎಲ್ಲಿಗೆ ಹೋಗೋದೇ? ಇನ್ನೊಂದ್ಸಲ ಎಲ್ಲಾ ಕಿತ್ಕೊಂಡು ಹೊರಡೋ ಶಕ್ತಿ ನನಗಿಲ್ಲ."

"ನನಗೂ ಇಲ್ಲ," ಎಂದಳು. ಕಾಗದವನ್ನು ಎತ್ತಿ ಕಪಾಟಿನ ಮೇಲಿಟ್ಟಳು. "ಬಟ್ಟೆ ನೆನೆಹಾಕಿ. ಬೆಳಗ್ಗೆಗೆ ಇಸ್ತ್ರಿ ಆಗಿರ್ಬೇಕು."

ಬೆಳಗ್ಗೆ ಅವನು ಎದ್ದು ಬಂದಾಗ ಬಟ್ಟೆಗಳೆಲ್ಲ ಇಸ್ತ್ರಿಯಾಗಿದ್ದವು. ಹೆಂಡತಿ ಕಿಟಕಿಯ ಬಳಿ ಕನ್ನಡಕ ಹಾಕಿ ಕುಳಿತು, ಚಿಕ್ಕ ಕತ್ತರಿಯಿಂದ ಒಂದೊಂದೇ ಕಾಲರಿನ ಕೆಂಪು ದಾರ ಬಿಚ್ಚುತ್ತಿದ್ದಳು. ಅವನು ಎದುರಿಗೆ ಕುಳಿತು, ಬಿಚ್ಚಿದ್ದನ್ನು ಮತ್ತೆ ಮಡಿಸಿಟ್ಟ. ಕೊನೆಗೆ ಅವಳು ಕಪಾಟಿನ ಮೇಲಿನ ಕಾಗದ ತಂದು ಬಟ್ಟೆಗಳ ಮೇಲಿಟ್ಟು ಹುರಿದಾರ ಕಟ್ಟಿದಳು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವನು ಎದುರುಮನೆಯ ಬಾಗಿಲು ತಟ್ಟಿದ. ಟೀಚರಮ್ಮ ತೆಗೆದರು. ಅವನು ಕೈಗಿತ್ತ ಬಟ್ಟೆಕಟ್ಟಿನ ಮೇಲಿದ್ದ ಕಾಗದ ಅವರಿಗೆ ಕಂಡಿತು. ಅವರ ಹೆಬ್ಬೆರಳು ತಾನಾಗಿಯೇ ಮೇಲಿನ ಅಂಗಿಯ ಕಾಲರಿನೊಳಗೆ ಹೋಗಿ, ಖಾಲಿ ಜಾಗವನ್ನು ಸವರಿತು. ದಾರ ಬಿಚ್ಚಿ ಕೊಡುವುದೆಂದರೆ ಏನೆಂದು ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಎಷ್ಟಿದೆ?" ಎಂದರು.

"ಹನ್ನೊಂದಮ್ಮ. ಇನ್ನೊಂದು ಸ್ಟೇಷನ್ನಲ್ಲಿದೆ. ಅದು ಯಾರದು ಅಂತ ಹೇಳೋಕೆ ಹೋಗ್ತಿದೀನಿ."

ಕೈ ಮುಗಿದು ಮೆಟ್ಟಿಲಿಳಿದ. ಬಾಗಿಲು ಮುಚ್ಚಿದ ಸದ್ದು ಬರಲಿಲ್ಲ. ಹಿಂದೆ ಟೀಚರಮ್ಮ ಹೊಸಿಲಲ್ಲೇ ನಿಂತು ಎಣಿಸತೊಡಗಿದ್ದರು. ಒಂದು, ಎರಡು, ಮೂರು. ಅವನು ನಿಧಾನವಾಗಿಯೇ ನಡೆದ. ಎಣಿಕೆ ಹನ್ನೊಂದಕ್ಕೆ ಬಂದು ನಿಂತಿತು. ಅವನು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಮತ್ತೆ ಒಂದರಿಂದ ಶುರುವಾಯಿತು.