ಉಜ್ಜಿಟ್ಟ ಮೊಳೆ

ಕೈಗೆ ಹತ್ತಿದ ಅಭ್ಯಾಸದಷ್ಟು ಕೆಟ್ಟದ್ದು ಇನ್ನೊಂದಿಲ್ಲ ನೋಡಿ. ತಲೆ "ತಾಳು" ಅನ್ನುವಷ್ಟರಲ್ಲಿ ಕೈ ಕೆಲಸ ಮುಗಿಸಿ ಒರೆಸಿಕೊಳ್ಳುತ್ತಿರುತ್ತದೆ. ಬ್ರಷ್ ಅಕ್ಕನ ಪರೀಕ್ಷೆಯ ದಿನ ಆಗಿದ್ದೂ ಅದೇ.

ಬ್ರಷ್ ಅಕ್ಕ ಅನ್ನುವುದು ಮಕ್ಕಳಿಟ್ಟ ಹೆಸರು. ಹೈಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಗಾಜು ತೊಳೆಯುವವಳಿಗೆ ಇನ್ನೇನು ಹೆಸರಿಟ್ಟಾರು? ಟೆಸ್ಟ್‌ಟ್ಯೂಬಿಗೊಂದು ಸಣ್ಣ ಬ್ರಷ್, ಬೀಕರಿಗೊಂದು ದಪ್ಪ ಬ್ರಷ್, ಎರಡೂ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಮಕ್ಕಳು ಕಬ್ಬಿಣದ ಮೊಳೆಯನ್ನು ತಾಮ್ರದ ಲವಣವಾದ ಮೈಲುತುತ್ತದ ನೀಲಿ ನೀರಿಗೆ ಹಾಕಿ ಇಪ್ಪತ್ತು ನಿಮಿಷ ಕಾಯುತ್ತಿದ್ದರು. ಮೊಳೆಗೆ ತಾಮ್ರ ಹತ್ತಿ ಕೆಂಪಾದರೆ "ಹೋ" ಅಂತ ಕೂಗಿ, ಪುಸ್ತಕದಲ್ಲಿ ಗೀಚಿ, ಬೆಲ್ಲಾದ ತಕ್ಷಣ ಓಡುತ್ತಿದ್ದರು. ಆಮೇಲಿನದೆಲ್ಲ ಬ್ರಷ್ ಅಕ್ಕನ ಪಾಲು. ಹೊಸ ಮೊಳೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ಅದಕ್ಕೇ ನೀಲಿ ನೀರು ಚೆಲ್ಲಿ, ಮೊಳೆಗೆ ಹತ್ತಿದ ತಾಮ್ರವನ್ನು ಮರಳುಕಾಗದದಲ್ಲಿ ತಿಕ್ಕಿ ತಿಕ್ಕಿ ತೆಗೆದು, ಮುಂದಿನ ತರಗತಿಗೆ ಹೊಸದರ ಹಾಗೆ ಮಾಡಿಡಬೇಕಿತ್ತು. ದಿನಕ್ಕೆ ಮೂವತ್ತು ನಲವತ್ತು ಮೊಳೆ. ಲೆಕ್ಕ ಹಾಕಿದರೆ ಒಂದು ಹಡಗು ಕಟ್ಟುವಷ್ಟು ಮೊಳೆ ಉಜ್ಜಿರಬೇಕು ಮಹರಾಯ್ತಿ.

ಮನೆ ಅಂತ ಇದ್ದದ್ದು ಮಹಡಿ ಮೇಲಿನ ಒಂದು ಕೋಣೆ. ಗಂಡ ಅನ್ನಿಸಿಕೊಂಡವನು ಹದಿನಾಲ್ಕು ವರ್ಷದ ಹಿಂದೆ ಬಸ್ಸು ಹತ್ತಿದವನು, ಇಳಿದದ್ದು ಎಲ್ಲಿ ಅಂತ ದೇವರೇ ಬಲ್ಲ. ಮಕ್ಕಳಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬೀಗ ಹಾಕಿದರೆ ಸೋಮವಾರ ಬೆಳಿಗ್ಗೆಯವರೆಗೆ ಅವಳ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಸೋಮವಾರದ ಮೊದಲ ಮಾತಿಗೆ ಗಂಟಲು ಕಟ್ಟಿಕೊಂಡು, ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ನೆಗಡಿ ಅಂತ ಎಲ್ಲರೂ ತಿಳಿದಿದ್ದರು. ಪ್ರತಿ ಸೋಮವಾರ ಬರುವ ನೆಗಡಿ ಯಾವುದಪ್ಪಾ ಅಂತ ಯಾರೂ ಕೇಳಲಿಲ್ಲ.

ಇಂಥವಳಿಗೆ ಹೊಸ ನಿಯಮ ಬಂತು. ಹತ್ತನೆಯ ತರಗತಿ ವಿಜ್ಞಾನ ಪಾಸಾಗದವರು ಲ್ಯಾಬಿನಲ್ಲಿ ಇರುವಂತಿಲ್ಲ, ಗೇಟಿಗೆ ಹೋಗಿ ಕೂರಬೇಕು. ಗೇಟಿನ ಹತ್ತಿರ ಒಂದು ಕುರ್ಚಿ, ಒಂದು ರಿಜಿಸ್ಟರು, ಅಷ್ಟೇ. ಲ್ಯಾಬಿನಲ್ಲಾದರೆ "ಅಕ್ಕಾ, ಸ್ಟ್ಯಾಂಡು", "ಅಕ್ಕಾ, ಒಡೆದುಹೋಯ್ತು" ಅಂತಲಾದರೂ ಯಾರೋ ಕರೆಯುತ್ತಿದ್ದರು. ಅದೂ ಹೋದರೆ ತಾನು ಮೂಕಿಯೇ ಆಗಿಬಿಡುತ್ತೇನೆ ಅಂತ ಅವಳಿಗೆ ಭಯ ಹತ್ತಿತು.

ನಲವತ್ತಾರನೇ ವಯಸ್ಸಿಗೆ ಪುಸ್ತಕ ಹಿಡಿದಳು. ಕೆಮಿಸ್ಟ್ರಿ ಮೇಷ್ಟ್ರು ಊಟದ ಬಿಡುವಿನಲ್ಲಿ ಹತ್ತು ನಿಮಿಷ ಹೇಳಿಕೊಟ್ಟರು. "ಉತ್ಕರ್ಷಣ ಅಂದ್ರೆ ಎಲೆಕ್ಟ್ರಾನ್ ಕಳ್ಕೊಳ್ಳೋದು, ಅಪಕರ್ಷಣ ಅಂದ್ರೆ ಪಡ್ಕೊಳ್ಳೋದು. ಒಂದೇ ಒಂದು ನಡೆಯೋದಿಲ್ಲ. ಕಳ್ಕೊಂಡೋರು ಇದ್ರೆ ಪಡ್ಕೊಂಡೋರು ಇರಲೇಬೇಕು, ತಿಳೀತಾ?"

ತಿಳಿಯಿತು ಅಂದಳು. ಸಂಜೆ ಒಲೆ ಮುಂದೆ ನಿಂತಾಗ ಮಾತ್ರ ಅನುಮಾನ ಬಂತು. ನಾನು ಇಷ್ಟು ವರ್ಷ ಕಳೆದುಕೊಂಡೆನಲ್ಲ, ಅದನ್ನು ಯಾರು ಪಡೆದುಕೊಂಡರು? ಪುಸ್ತಕ ತಿರುವಿ ಹಾಕಿದರೂ ಅದಕ್ಕೆ ಉತ್ತರ ಇರಲಿಲ್ಲ. ಅನ್ನ ಸೀದುಹೋಯಿತು.

ಬರೆಯುವ ಪರೀಕ್ಷೆ ಹೇಗೋ ದಾಟಿತು. ಉಳಿದದ್ದು ಪ್ರಾಕ್ಟಿಕಲ್. ಕೆಲಸ ಮಾಡುವ ಶಾಲೆಯಲ್ಲೇ ಕೂರುವಂತಿಲ್ಲ ಅಂತ ಊರಿನ ಆ ತುದಿಯ ದೊಡ್ಡ ಶಾಲೆಗೆ ಹಾಕಿದ್ದರು. ಅಲ್ಲಿ ಮಕ್ಕಳ ವಯಸ್ಸಿನವರ ನಡುವೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಂತಳು. ಪಕ್ಕದ ಹುಡುಗಿಯೊಬ್ಬಳು "ಆಂಟೀ, ಸ್ವಲ್ಪ ನೀರು ಬೇಕಿತ್ತು" ಅಂದಳು. ಕೆಲಸದವಳು ಅಂದುಕೊಂಡಿದ್ದಳು ಪಾಪ. ಬ್ರಷ್ ಅಕ್ಕ ನೀರು ತಂದುಕೊಟ್ಟಳು.

ಅವಳ ಪಾಲಿಗೆ ಬಂದ ಪ್ರಶ್ನೆ ಯಾವುದು ಅಂತೀರಿ? ಅದೇ ಮೊಳೆ, ಅದೇ ಮೈಲುತುತ್ತ! ಹಾಲು ಕುಡಿದಷ್ಟು ಸಲೀಸು. ಮೇಜಿನ ಮೇಲಿದ್ದ ಮರಳುಕಾಗದದಲ್ಲಿ ಮೊಳೆ ಉಜ್ಜಿ ಇಳಿಬಿಟ್ಟಳು, ಇಪ್ಪತ್ತು ನಿಮಿಷ ಕಾದಳು, ಕೆಂಪು ಹತ್ತಿದ್ದನ್ನು ನೋಡಿದಳು, ನೋಡಿದ್ದನ್ನು ಬರೆದಳು. ಮೇಜಿನ ಮೇಲೆ ಇನ್ನು ಕೆಲಸ ಉಳಿದಿರಲಿಲ್ಲ. ಕೆಲಸವಿಲ್ಲದೆ ನಿಂತು ಆ ಕೈಗೆ ಗೊತ್ತೇ ಇರಲಿಲ್ಲವಲ್ಲ.

ಪರೀಕ್ಷಕರು ಅವಳ ಮೇಜಿಗೆ ಬಂದಾಗ ಬೀಕರು ಬೋರಲಾಗಿ ನೀರು ಬಸಿಯುತ್ತಿತ್ತು. ಪಕ್ಕದಲ್ಲಿ ಮೊಳೆ ಫಳಫಳ ಹೊಳೆಯುತ್ತಿತ್ತು.

"ಎಲ್ಲಮ್ಮಾ ನಿಮ್ಮ ಪ್ರಯೋಗ?"

ಅವಳು ಮೊಳೆ ನೋಡಿದಳು, ಕೈಯಲ್ಲಿದ್ದ ಮರಳುಕಾಗದ ನೋಡಿದಳು.

"ತೊಳೆದುಬಿಟ್ಟೆ ಸಾರ್."

"ತೊಳೆದುಬಿಟ್ರಾ! ನಾನು ನೋಡೋ ಮುಂಚೆ?"

ಯಾರೋ ಕಿಸಕ್ಕೆಂದು ನಕ್ಕರು. ಪರೀಕ್ಷಕರು ಕೆಟ್ಟವರಲ್ಲ, ಆದರೆ ನಿಯಮ ನಿಯಮವೇ. "ಕಣ್ಣಿಗೆ ಕಾಣದ್ದಕ್ಕೆ ಅಂಕ ಹಾಕೋಕಾಗಲ್ಲಮ್ಮ. ಬೇಕಾದ್ರೆ ಇನ್ನೊಂದು ಸಲ ಮಾಡಿ. ಎಂಟು ನಿಮಿಷ ಇದೆ."

ಎಂಟು ನಿಮಿಷ. ಎಂಟು ನಿಮಿಷಕ್ಕೆ ಮೊಳೆ ಕಂದುವುದೇ ಹೆಚ್ಚು. ಗೇಟಿನ ಪಕ್ಕದ ಕುರ್ಚಿ ಅವಳ ಕಣ್ಣ ಮುಂದೆ ಬಂತು. ಅಯ್ಯೋ ನನ್ನ ಕೈಗೆ ಹಾವು ಕಡಿಯ ಅಂತ ತನ್ನನ್ನೇ ಬೈದುಕೊಂಡಳು.

ಆದರೆ ಹತ್ತೊಂಬತ್ತು ವರ್ಷ ಬರಿದೇ ಹೋಗಿರಲಿಲ್ಲ. ಬಿಸಿ ನೀರಲ್ಲಿ ಬೇಗ, ತಣ್ಣೀರಲ್ಲಿ ನಿಧಾನ. ಇಡೀ ತುಂಡಾದರೆ ನಿಧಾನ, ಪುಡಿಯಾದರೆ ಬೇಗ. ಪುಸ್ತಕ ಅದಕ್ಕೆ ಕ್ರಿಯಾವೇಗ ಅಂತ ದೊಡ್ಡ ಹೆಸರಿಟ್ಟಿತ್ತು. ಅವಳು ಅದನ್ನು ಮಕ್ಕಳ ಬೆನ್ನ ಹಿಂದೆ ನಿಂತು ಸಾವಿರ ಸಲ ಕಂಡಿದ್ದಳು.

ಬಾಗಿಲ ಹತ್ತಿರ ಆ ಶಾಲೆಯ ಲ್ಯಾಬ್ ಅಟೆಂಡರ್ ನಿಂತಿದ್ದ, ನರೆತ ಮೀಸೆಯವನು, ಭುಜದ ಮೇಲೊಂದು ಒರೆಸುವ ಬಟ್ಟೆ.

"ಅಣ್ಣಾ, ಕಬ್ಬಿಣದ ಪುಡಿ ಇದೆಯಾ?"

ಯಾಕೆ ಅಂತ ಅವನು ಕೇಳಲಿಲ್ಲ. ಮೂರನೇ ಕಪಾಟಿನಿಂದ ಡಬ್ಬಿ ತಂದು ಮುಂದಿಟ್ಟ. ಅವಳು ಹೊಸದಾಗಿ ನೀಲಿ ನೀರು ತುಂಬಿಕೊಂಡು, ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಇಳಿಸಿ, ಒಂದು ಚಮಚ ಪುಡಿ ಸುರಿದು ಗಾಜಿನ ಕಡ್ಡಿಯಿಂದ ಕಲಕಿದಳು. ಒಂದು ನಿಮಿಷಕ್ಕೆ ನೀಲಿ ಮಬ್ಬಾಯಿತು. ಮೂರು ನಿಮಿಷಕ್ಕೆ ನೀರು ತಿಳಿ ಹಸಿರಿಗೆ ತಿರುಗಿ, ತಳದಲ್ಲಿ ಕೆಂಪು ತಾಮ್ರ ಕೂತಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಇನ್ನು ಅವನ್ನು ನಂಬುವ ಹಾಗಿರಲಿಲ್ಲ.

ಪರೀಕ್ಷಕರು ಬಗ್ಗಿ ನೋಡಿದರು. "ಪುಡಿ ಯಾಕೆ ಹಾಕಿದ್ರಿ?"

"ಮೊಳೆ ಅಂದ್ರೆ ಒಂದೇ ಬಾಗಿಲಿನ ಮನೆ ಸಾರ್, ಸಾಲಲ್ಲಿ ನಿಂತು ಒಳಗೆ ಹೋಗ್ಬೇಕು. ಪುಡಿಗೆ ಸುತ್ತ ಎಲ್ಲಾ ಬಾಗಿಲೇ."

"ಬಿಸಿ ಯಾಕೆ ಮಾಡಿದ್ರಿ?"

"ಬಿಸಿಯಲ್ಲಿ ಕಣಗಳು ಜೋರಾಗಿ ಓಡಾಡ್ತವೆ. ಹೆಚ್ಚು ಸಲ, ಜೋರಾಗಿ ಡಿಕ್ಕಿ ಹೊಡೀತವೆ."

"ಸರಿ. ಕಳ್ಕೊಂಡಿದ್ದು ಯಾರು?"

"ಕಬ್ಬಿಣ ಸಾರ್. ಎಲೆಕ್ಟ್ರಾನ್ ಕೊಟ್ಟು ನೀರಲ್ಲಿ ಕರಗಿಹೋಯ್ತು, ಈಗ ಕಾಣಲ್ಲ. ಪಡ್ಕೊಂಡಿದ್ದು ತಾಮ್ರ. ಅದು ಕೆಂಪಗೆ ಕಾಣ್ತಾ ಇದೆ."

ಪರೀಕ್ಷಕರು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಏನೋ ಬರೆದುಕೊಂಡು ಮುಂದೆ ಹೋದರು. ಬೆಲ್ಲಾಯಿತು. ಮಕ್ಕಳೆಲ್ಲ ಎಂದಿನಂತೆ ಓಡಿದರು. ಬ್ರಷ್ ಅಕ್ಕ ಮಾತ್ರ ಬೀಕರು ಎತ್ತಿಕೊಂಡು ತೊಟ್ಟಿಯ ಕಡೆ ಹೊರಟಳು. ಬುದ್ಧಿ ಬಂತಾ ಹೇಳಿ!

ಮೀಸೆಯ ಅಟೆಂಡರ್ ಅಡ್ಡ ಬಂದು ಬೀಕರು ಇಸಿದುಕೊಂಡ. "ಬಿಡಮ್ಮ. ನೀನು ಮೊಳೆ ಉಜ್ಜುವಾಗಲೇ ಗೊತ್ತಾಯ್ತು ನೀನೂ ನನ್ನ ಕೆಲಸದವಳೇ ಅಂತ. ಇವತ್ತು ನೀನು ಪರೀಕ್ಷೆಗೆ ಬಂದವಳು. ತೊಳೆಯೋದು ನನ್ನ ಕೆಲಸ."

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು.

ಒಂದು ತಿಂಗಳಾದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಫಲಿತಾಂಶ ಬಂತು. ಮೇಷ್ಟ್ರು ಪಟ್ಟಿ ನೋಡಿ "ಪಾಸಾದ್ರಿ, ಒಳ್ಳೇದಾಯ್ತು" ಅಂದರು, ತರಗತಿಗೆ ಹೊತ್ತಾಯಿತು ಅಂತ ಹೊರಟರು. ಗೇಟಿನ ಕುರ್ಚಿ ತಪ್ಪಿತು. ಮಧ್ಯಾಹ್ನ ಲ್ಯಾಬಿಗೆ ಬೀಗ ಹಾಕಿ ಮನೆಗೆ ಬಂದು, ಮಂಚದ ಮೇಲೆ ಫೋನು ಹಿಡಿದು ಕೂತಳು. ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದಳು. ಗ್ಯಾಸಿನವನು, ನಲ್ಲಿ ರಿಪೇರಿಯವನು, ಮನೆ ಓನರು, ವರ್ಷಕ್ಕೊಮ್ಮೆ ಏನಾದರೂ ಬೇಕಾದಾಗ ನೆನೆಯುವ ತಮ್ಮ. ಇಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡಿರುವುದು ಅವಳಿಂದಾಗಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಬಸ್ಸು ಹಿಡಿದಳು.

ದೊಡ್ಡ ಶಾಲೆ ಖಾಲಿಯಾಗಿತ್ತು. ಲ್ಯಾಬಿನ ಬಾಗಿಲು ಮಾತ್ರ ತೆರೆದಿತ್ತು. ಮೀಸೆಯ ಅಟೆಂಡರ್ ತೊಟ್ಟಿಯ ಮುಂದೆ ನಿಂತಿದ್ದ, ಪಕ್ಕದಲ್ಲಿ ಬೆಳಗಿನ ತರಗತಿಯ ಟೆಸ್ಟ್‌ಟ್ಯೂಬುಗಳ ರಾಶಿ.

"ಅಣ್ಣಾ, ಪಾಸಾದೆ."

ಅವನು ತಿರುಗಿದ. ಗುರುತು ಹಿಡಿದ. ನಲ್ಲಿ ನಿಲ್ಲಿಸಿದ, ಕೈ ಒರೆಸಿಕೊಳ್ಳುವುದನ್ನೂ ಮರೆತ.

"ಇಪ್ಪತ್ತೆಂಟು ವರ್ಷ ಆಯ್ತಮ್ಮ ನಾನಿಲ್ಲಿ. ಎಷ್ಟು ಸಾವಿರ ಜನ ಪಾಸಾಗಿ ಹೋದ್ರೋ. ಪಾಸಾದೆ ಅಂತ ನನ್ನ ಹತ್ರ ಹೇಳೋಕೆ ಬಂದಿದ್ದು ನೀನೊಬ್ಳೇ."

"ನನ್ನ ಹತ್ರಾನೂ ಯಾರೂ ಬಂದಿಲ್ಲ ಅಣ್ಣಾ," ಅಂದಳು ಅವಳು. ಗಂಟಲು ಕಟ್ಟಲಿಲ್ಲ, ಕೆಮ್ಮಬೇಕಾಗಲಿಲ್ಲ. ಸೆರಗು ಸಿಕ್ಕಿಸಿ ತೊಟ್ಟಿಯ ಈಚೆ ಬದಿಗೆ ಬಂದು ನಿಂತಳು. "ಸ್ವಲ್ಪ ಸರೀರಿ. ಆ ಬ್ರಷ್ ಇತ್ತ ಕೊಡಿ."

"ಪಾಸಾದವಳಿಗೆ ಇದೆಲ್ಲ ಯಾಕಮ್ಮ?"

"ಕೊಡಿ ಅಂದ್ನಲ್ಲ."

ಅವನು ಕೊಟ್ಟ. ಅವಳು ತೊಳೆದು ಕೊಟ್ಟಿದ್ದನ್ನು ಅವನು ಒರೆಸಿ ಸ್ಟ್ಯಾಂಡಿಗೆ ಇಡುತ್ತಾ ಹೋದ. ರಾಶಿ ಮುಗಿಯುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು. ಐದು ಗಂಟೆಯ ಬಸ್ಸು ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ.